ಹೂವಿನಂತೆ ಇಳಿದ ವಿಮಾನ

ತನ್ನ ಗಂಟಲಿಗೂ ತುಟಿಗೂ ನಡುವೆ ಎಲ್ಲೋ ಒಂದು ಕಾವಲು ಚೌಕಿ ಇದೆ, ಅಲ್ಲಿ ಕೂತಿರುವ ಪುಣ್ಯಾತ್ಮ ತನ್ನ ಮಾತುಗಳನ್ನೆಲ್ಲ ತಡೆದು ನಿಲ್ಲಿಸಿ, ಜೇಬು ತಡಕಾಡಿ, ಯಾವುದೋ ಒಂದನ್ನು ಮಾತ್ರ ಹೊರಗೆ ಬಿಡುತ್ತಾನೆ, ಅದೂ ಅರೆಜೀವವಾದ ಮೇಲೆ ಎಂದು ಅವಳು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಒಪ್ಪಿಕೊಂಡಳು. ಇದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅವಳು ವಿಮಾನದ ಸಹ ಪೈಲಟ್. ವಿಮಾನ ಹಾರಿಸುವುದಕ್ಕೆ ಕೈ ಇದ್ದರೆ ಸಾಕು, ಬಾಯಿ ಯಾಕೆ ಎಂದು ಅವಳೂ ಮೊದಲು ಅಂದುಕೊಂಡಿದ್ದಳು. ಆದರೆ ಈಗಿನ ವಿಮಾನಗಳಲ್ಲಿ ಕೈಗೆ ಕೆಲಸವೇ ಕಮ್ಮಿ. ದಾರಿ ಹುಡುಕುವುದು ಯಂತ್ರ, ತಿರುಗುವುದು ಯಂತ್ರ, ಏರಿಳಿಯುವುದೂ ಯಂತ್ರ. ಮನುಷ್ಯರಿಗೆ ಉಳಿದಿರುವುದು ಬಾಯಿಯ ಕೆಲಸ. ಯಂತ್ರ ಏನು ಮಾಡುತ್ತಿದೆ ಎಂದು ಪರದೆಯ ಮೇಲೆ ಪುಟ್ಟ ಹಸಿರು ಅಕ್ಷರಗಳಲ್ಲಿ ಬರುತ್ತದೆ. ಒಬ್ಬರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಇನ್ನೊಬ್ಬರು ಅದನ್ನು ಕಣ್ಣಾರೆ ನೋಡಿ "ಚೆಕ್ಡ್" ಅನ್ನಬೇಕು. ಕಳೆದ ಪರೀಕ್ಷೆಯಲ್ಲಿ ಅವಳು ಎಲ್ಲವನ್ನೂ ಸರಿಯಾಗಿಯೇ ಓದಿದ್ದಳು. ಪರೀಕ್ಷಕರು ಮಾತ್ರ, "ಹುಡುಗಿಯ ತುಟಿ ಅಲ್ಲಾಡಿದ್ದು ಕಂಡಿತು" ಎಂದಷ್ಟೇ ಹೇಳಿ ಹೋಗಿದ್ದರು. ಇವತ್ತೂ ಹಾಗೇ ಆದರೆ ಹಾರುವ ಕೆಲಸಕ್ಕೆ ವಿರಾಮ. ಮುಂದಿನ ಪರೀಕ್ಷೆಯವರೆಗೆ ಕೆಳಗೆ, ಕಳೆದುಹೋದ ಲಗೇಜಿನ ಕೌಂಟರಿನಲ್ಲಿ ಕೂರಬೇಕು. ಪೆಟ್ಟಿಗೆ ಕಳೆದುಕೊಂಡವರ ಮುಂದೆ ಪಿಸುಗುಟ್ಟುವುದನ್ನು ನೆನೆದೇ ಅವಳು ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡಳು.

ಕನ್ನಡಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, ಉಸಿರು ಎಳೆದು ಕೂಗಿದಳು: "ಎತ್ತರ ಹಿಡಿದಿದೆ! ಚೆಕ್ಡ್!"

ಹೊರಗಿನಿಂದ ಅತ್ತಿಗೆ ಬಾಗಿಲು ಬಡಿದಳು. "ಯಾರ ಜೊತೆ ಜಗಳ ಆಡ್ತಿದೀಯೇ? ನಲ್ಲಿ ಮತ್ತೆ ಕೆಟ್ಟುಹೋಯ್ತಾ?"

"ಇಲ್ಲ ಅತ್ತಿಗೆ."

"ಏನಂದೆ?"

"ಇಲ್ಲ ಅಂದೆ."

"ಒಂದಕ್ಷರ ಕೇಳಿಸ್ಲಿಲ್ಲ ಕಣೆ. ಹೋಗ್ಲಿ, ಪ್ಲಂಬರ್‌ಗೆ ಫೋನ್ ಮಾಡ್ತೀನಿ ಇರು."

ಅವಳು ಮನೆ ಬಿಡುವ ಹೊತ್ತಿಗೆ ಪ್ಲಂಬರ್ ಬಂದು, ನೆಟ್ಟಗಿದ್ದ ನಲ್ಲಿಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ.

ತರಬೇತಿ ಕೇಂದ್ರದ ದೊಡ್ಡ ಹಜಾರದ ನಡುವೆ, ಕಬ್ಬಿಣದ ಕಾಲುಗಳ ಮೇಲೆ ನಿಂತ ಬಿಳಿಯ ಭಾರೀ ಪೆಟ್ಟಿಗೆಯೇ ಸಿಮ್ಯುಲೇಟರ್. ಒಳಗೆ ಹೊಕ್ಕರೆ ಥೇಟ್ ವಿಮಾನದ ಮೂತಿ. ಗುಂಡಿಗಳು, ಪರದೆಗಳು, ಕಿಟಕಿಯಾಚೆ ಚಿತ್ರದ ಆಕಾಶ. ಕಾಲುಗಳು ಅಲುಗಾಡಿದರೆ ಒಳಗಿದ್ದವರಿಗೆ ಹಾರಿದಂತೆಯೇ ಅನಿಸುತ್ತದೆ. ಬೀಳುವುದಂತೂ ಇಲ್ಲ, ಮಾನ ಒಂದು ಬಿಟ್ಟು.

ಮೆಟ್ಟಿಲ ಬುಡದಲ್ಲೇ ರೋಸ್ಟರ್ ಅಕ್ಕ ಕಾದಿದ್ದಳು. ಯಾರು ಯಾವತ್ತು ಹಾರಬೇಕು ಎಂದು ಗೊತ್ತು ಮಾಡುವುದು ಅವಳ ಕೆಲಸ. ಯಾರು ಹೇಗೆ ಬಾಳಬೇಕು ಎಂದು ಗೊತ್ತು ಮಾಡುವುದು ಅವಳ ಹವ್ಯಾಸ.

"ಬಾರೆ ಪಿಸು," ಎಂದು ಕೈ ಹಿಡಿದು ಪಕ್ಕಕ್ಕೆ ಎಳೆದಳು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ. "ಇವತ್ತು ನಿನ್ನ ಪರೀಕ್ಷಕರು ಯಾರು ಗೊತ್ತಾ? ನಕ್ಷತ್ರ ತಾತ! ಆಟೊಪೈಲಟ್ ಅಂದ್ರೆ ಮೈ ಉರ್ಕೊಳ್ತಾರೆ. ಎಲ್ಲಾನೂ ಕೈಯಲ್ಲೇ ಹಾರಿಸಿಬಿಡು. ಯಂತ್ರದ ಗುಂಡಿ ಮುಟ್ಟೀಯೆ ಜೋಕೆ."

"ಆಟೊಪೈಲಟ್ ಮುಟ್ಟದೇ ಇರೋದಾ?" ಎಂದು ಹಿಂದಿನಿಂದ ಇನ್ನೊಂದು ದನಿ ಬಂತು. ಇವತ್ತು ಅವಳ ಪಕ್ಕದ ಸೀಟಿನಲ್ಲಿ ಕೂರಬೇಕಾದ ಕ್ಯಾಪ್ಟನ್ನರ ದನಿ ಅದು. ಏನು ಹೇಳಿದರೂ, ಯಾರು ಹೇಳಿದರೂ ಮೊದಲು "ಚೆಕ್ಡ್" ಎಂದುಬಿಡುವುದು ಅವರ ಅಭ್ಯಾಸ. ಹೆಂಡತಿ ಫೋನಿನಲ್ಲಿ ಬೈದರೂ "ಚೆಕ್ಡ್" ಎಂದೇ ಇಡುತ್ತಾರೆ ಎಂಬ ಮಾತಿತ್ತು. "ಹೊಸ ಸುತ್ತೋಲೆ ಓದಿಲ್ವಾ ಅಕ್ಕ? ಯಂತ್ರಾನ ಪೂರ್ತಿ ಬಳಸ್ಬೇಕು ಅಂತಿದೆ. ಕೈಯಲ್ಲಿ ಹಾರಿಸಿದ್ರೆ ಮಾರ್ಕ್ಸ್ ಕಟ್."

"ಸುತ್ತೋಲೆ ಬರೆದೋರು ಬಂದು ಮಾರ್ಕ್ಸ್ ಕೊಡ್ತಾರಾ? ತಾತ ಕೊಡೋದು!"

"ತಾತನೂ ಸುತ್ತೋಲೆ ಪ್ರಕಾರವೇ ಕೊಡ್ಬೇಕು!"

ಇಬ್ಬರೂ ಅವಳ ಒಂದೊಂದು ತೋಳು ಹಿಡಿದುಕೊಂಡು ಜಗಳಕ್ಕೆ ನಿಂತರು. ನಡುವೆ ಅವಳು ಒಣಹಾಕಿದ ಬಟ್ಟೆಯಂತೆ ತೂಗಾಡಿದಳು. ಪೆಟ್ಟಿಗೆಯನ್ನು ನೋಡಿಕೊಳ್ಳುವ ಟೆಕ್ನಿಷಿಯನ್ನನ ಕುರ್ಚಿ ಖಾಲಿಯಿತ್ತು. ಅವನೆಲ್ಲಿ ಎಂದು ಕೇಳಲು ಅವಳು ಬಾಯಿ ತೆರೆದಳು. ಚೌಕಿಯ ಪುಣ್ಯಾತ್ಮ ಎಂದಿನಂತೆ ಅಡ್ಡ ನಿಂತ. ಕೊನೆಗೆ ಬೆರಳು ಮಾಡಿ ತೋರಿಸಿದಳು.

"ಅವನಾ? ತಿಂಡಿಗೆ ಹೋದ," ಎಂದಳು ಅಕ್ಕ. "ಪೆಟ್ಟಿಗೆ ಆನ್ ಮಾಡಿಟ್ಟೇ ಹೋಗಿದ್ದಾನೆ. ಹತ್ತಿ ಹತ್ತಿ, ತಾತ ಬಂದ್ರು."

ನಕ್ಷತ್ರ ತಾತ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಪರೀಕ್ಷೆಗೆಂದು ಅವರನ್ನು ಮತ್ತೆ ಮತ್ತೆ ಕರೆಸುತ್ತಿದ್ದರು. ಪೆಟ್ಟಿಗೆಯೊಳಗೆ ಬಂದವರೇ ಕೂರಲಿಲ್ಲ, ಮೊದಲು ಖಾಲಿ ಜಾಗಗಳನ್ನು ಒಂದೊಂದಾಗಿ ತೋರಿಸತೊಡಗಿದರು.

"ಇಲ್ಲಿ ರೇಡಿಯೋದೋನು ಕೂರ್ತಿದ್ದ. ಇಲ್ಲಿ ಇಂಜಿನಿಯರ್. ಇಗೋ, ಇಲ್ಲಿ ನಾನು. ನ್ಯಾವಿಗೇಟರ್! ನೆತ್ತಿ ಮೇಲೆ ಒಂದು ಗಾಜಿನ ಕಿಂಡಿ ಇರ್ತಿತ್ತು. ಅದರಲ್ಲಿ ನಕ್ಷತ್ರ ಹಿಡಿದು, ಕೋನ ಅಳೆದು, ಲೆಕ್ಕ ಹಾಕಿ, 'ಸಮುದ್ರದ ಮೇಲೆ ಇಲ್ಲಿದ್ದೀವಿ' ಅಂತ ಭೂಪಟದ ಮೇಲೆ ಚುಕ್ಕೆ ಇಡ್ತಿದ್ದೆ. ಒಂದು ಯಂತ್ರ ಬಂತು, ರೇಡಿಯೋದೋನ ಕುರ್ಚಿ ಹೋಯ್ತು. ಇನ್ನೊಂದು ಬಂತು, ನನ್ನ ಕುರ್ಚಿ ಹೋಯ್ತು. ನಾನು ಪೈಲಟ್ ಆಗಿ ಮುಂದಿನ ಕುರ್ಚಿಗೆ ಹಾರ್ಕೊಂಡೆ, ಬಚಾವಾದೆ. ಇಂಜಿನಿಯರ್ ಪಾಪ ಹಿಂದೆನೇ ಉಳ್ಕೊಂಡ. ಈಗ ನೋಡಿ, ಎರಡೇ ಕುರ್ಚಿ. ಅದರಲ್ಲೂ ಒಂದರ ಮೇಲೆ ಕಂಪ್ಯೂಟರಿನ ಕಣ್ಣು ಬಿದ್ದಿದೆ."

ಸಹ ಪೈಲಟ್ ತನ್ನ ಕುರ್ಚಿಯನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡಳು.

"ಆಗ ವಿಮಾನ ಎಲ್ಲಿದೆ ಅಂತ ಸರಿಯಾಗಿ ಗೊತ್ತಿರ್ತಿರಲಿಲ್ಲ ಮಗಳೇ, ಆದ್ರೆ ಏನು ಮಾಡ್ತಿದೆ ಅಂತ ಗೊತ್ತಿರ್ತಿತ್ತು. ಈಗ ಎಲ್ಲಿದೆ ಅಂತ ಅಂಗುಲ ಅಂಗುಲ ಗೊತ್ತು. ಏನು ಮಾಡ್ತಿದೆ ಅಂತ ಮಾತ್ರ ಆ ಭಗವಂತನಿಗೇ ಗೊತ್ತು."

"ಚೆಕ್ಡ್," ಎಂದರು ಕ್ಯಾಪ್ಟನ್.

ತಾತ ಹಿಂದೆ ಕೂತು ತಮ್ಮ ಹೊಸ ಟಚ್‌ಸ್ಕ್ರೀನನ್ನು ಚೇಳನ್ನು ಮುಟ್ಟುವವರಂತೆ ದೂರದಿಂದಲೇ ಕುಟುಕಿದರು. ಪರೀಕ್ಷೆ ಬರೆಯುವವರಿಗೆ ಮಳೆ, ಗಾಳಿ, ಬೆಂಕಿ ಎಲ್ಲವನ್ನೂ ದಯಪಾಲಿಸುವುದು ಆ ಪರದೆಯಿಂದಲೇ.

"ದಟ್ಟ ಮಂಜು ಹಾಕಿದ್ದೀನಿ. ಕಣ್ಣಿಗೆ ಏನೂ ಕಾಣಲ್ಲ. ಶುರು ಮಾಡಿ."

ಅವಳು ಕಿಟಕಿಯಾಚೆ ನೋಡಿದಳು. ಹೊಂಬಣ್ಣದ ಸಂಜೆ. ರನ್‌ವೇ ಉದ್ದಕ್ಕೂ ಕಾಣುತ್ತಿತ್ತು. ಅದರಾಚೆ ಸಮುದ್ರ, ಸಮುದ್ರದ ಮೇಲೆ ಒಂದು ಬಿಳಿ ಹಾಯಿದೋಣಿ ಕೂಡ.

"ಸರ್, ಎಲ್ಲಾ ಕಾಣ್ತಿದೆ," ಎಂದಳು. ಆ ಮಾತು ಅವಳ ಕಾಲರಿನವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

"ಚೆಕ್ಡ್. ಏನೂ ಕಾಣ್ತಿಲ್ಲ," ಎಂದರು ಕ್ಯಾಪ್ಟನ್ ಸಂಜೆಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ.

ಓಹೋ, ಕಾಣದಂತೆ ಭಾವಿಸಿಕೊಳ್ಳಬೇಕು ಎಂದು ಇರಬೇಕು, ಹಿರಿಯರಿಗೆಲ್ಲ ಗೊತ್ತಿರುವ ರೂಢಿ, ತನಗೊಬ್ಬಳಿಗೆ ಗೊತ್ತಿಲ್ಲ ಎಂದುಕೊಂಡು ಅವಳು ಮಂಜಿನಲ್ಲಿ ಇರುವವಳಂತೆ ಮುಖ ಮಾಡಿ ಕೂತಳು.

ಅಷ್ಟರಲ್ಲಿ ವಿಮಾನ ಓಡತೊಡಗಿತು. ಅವಳೇನೂ ಮಾಡಿರಲಿಲ್ಲ. ಕ್ಯಾಪ್ಟನ್ ಮಾಡಿರಬೇಕು ಎಂದುಕೊಂಡಳು. ಹಳೆಯ ವಿಮಾನಗಳಲ್ಲಿ ಇಬ್ಬರ ಮುಂದಿದ್ದ ಸ್ಟಿಯರಿಂಗ್ ಚಕ್ರಗಳಿಗೂ ಒಳಗಿಂದೊಳಗೇ ನಂಟಿತ್ತು. ಒಬ್ಬರು ತಿರುಗಿಸಿದರೆ ಇನ್ನೊಬ್ಬರ ಮೊಣಕಾಲಿಗೆ ತಾಗಿ ಗೊತ್ತಾಗುತ್ತಿತ್ತು. ಇದು ಹೊಸದು. ಅವಳ ಬಲಗೈ ಪಕ್ಕ ಒಂದು ಪುಟ್ಟ ಕೋಲು, ಕ್ಯಾಪ್ಟನ್ನರ ಎಡಗೈ ಪಕ್ಕ ಇನ್ನೊಂದು. ಒಂದು ಅಲ್ಲಾಡಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಮಾತು ಬಿಟ್ಟ ಗಂಡಹೆಂಡಿರಂತೆ ಎರಡೂ ಬೇರೆ ಬೇರೆ ಗೋಡೆಗೆ ಮುಖ ಮಾಡಿರುತ್ತವೆ.

ವಿಮಾನ ಅಂದವಾಗಿ ಮೇಲೆದ್ದಿತು. ಕ್ಯಾಪ್ಟನ್ ಕೀಲಿಗಳನ್ನು ಟಕಟಕ ಒತ್ತಿ ಉತ್ತರದ ದಾರಿ ಬರೆದರು. ಹಸಿರು ಅಕ್ಷರ ಮೂಡಿತು. ವಿಮಾನ ದಕ್ಷಿಣಕ್ಕೆ ತಿರುಗಿತು.

ಅವಳು ಕ್ಯಾಪ್ಟನ್ನರ ಕಡೆ ಬಾಗಿದಳು. "ಸರ್, ಉತ್ತರ ಅಂತ ಬರೆದ್ರಿ, ದಕ್ಷಿಣಕ್ಕೆ ಹೋಗ್ತಿದೆ."

"ಏನಂದೆ?"

"ದಕ್ಷಿಣ..."

"ಚೆಕ್ಡ್," ಎಂದ ಕ್ಯಾಪ್ಟನ್ ತುಸು ಹೊತ್ತು ಪರದೆಯನ್ನೇ ದಿಟ್ಟಿಸಿದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಯಂತ್ರ ಅಂದ್ಮೇಲೆ ಅದಕ್ಕೂ ಏನೋ ಕಾರಣ ಇರುತ್ತೆ," ಎಂದರು.

ಕಾರಣ ಏನಿತ್ತೋ, ವಿಮಾನ ಸಮುದ್ರತೀರದ ಉದ್ದಕ್ಕೂ ಸಾವಕಾಶವಾಗಿ ಹೋಗಿ, ಊರಿನ ಮೇಲೊಂದು ಸುತ್ತು ಬಂದು, ಎತ್ತರದ ಕಟ್ಟಡಗಳು ಚೆನ್ನಾಗಿ ಕಾಣಲಿ ಎಂಬಂತೆ ಒಂದು ಪಕ್ಕಕ್ಕೆ ವಾಲಿ, ಇನ್ನೊಂದು ಸುತ್ತು ಹೊರಟಿತು. ಕ್ಯಾಪ್ಟನ್ ಒತ್ತದ ಗುಂಡಿಯಿಲ್ಲ. ಒತ್ತಿದ ಗುಂಡಿಗೆಲ್ಲ ದೀಪ ಹತ್ತುತ್ತಿತ್ತು, ವಿಮಾನ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಹಿಂದೆ ತಾತ ಪರದೆಯನ್ನು ಕರವಸ್ತ್ರದಿಂದ ಒರೆಸುತ್ತಿದ್ದುದು, ಮಗ್ಗುಲಿಗೆ ಬಡಿಯುತ್ತಿದ್ದುದು ಅವಳಿಗೆ ಗಾಜಿನಲ್ಲಿ ಕಂಡಿತು. ಏನೋ ಭಯಂಕರವಾದದ್ದನ್ನು ಸಿದ್ಧ ಮಾಡುತ್ತಿದ್ದಾರೆ ಎಂದು ಅವಳು ಇನ್ನಷ್ಟು ಕುಗ್ಗಿದಳು.

"ಬಲಗಡೆ ಇಂಜಿನ್ನಿಗೆ ಬೆಂಕಿ!" ಎಂದು ತಾತ ಘೋಷಿಸಿದರು.

ಗಂಟೆ ಹೊಡೆಯಲಿಲ್ಲ, ಕೆಂಪು ದೀಪ ಬರಲಿಲ್ಲ. ಬಲಗಡೆಯ ಇಂಜಿನ್ ಎಳೆಗೂಸು ನಿದ್ದೆ ಮಾಡಿದಂತೆ ಗುಂಯ್‌ಗುಡುತ್ತಲೇ ಇತ್ತು.

"ಚೆಕ್ಡ್," ಎಂದು ಕ್ಯಾಪ್ಟನ್ ಇಲ್ಲದ ಬೆಂಕಿಯನ್ನು ಶಾಸ್ತ್ರೋಕ್ತವಾಗಿ ಆರಿಸಿದರು.

"ಇಂಜಿನ್ ಚೆನ್ನಾಗೇ ಇದೆಯಲ್ಲಾ," ಎಂದು ಅವಳು ಈ ಸಲ ನಿಜಕ್ಕೂ ಬಾಯಿಬಿಟ್ಟು ಹೇಳಿದಳು. ಅದೇ ಗಳಿಗೆಗೆ ತಾತ ಪರದೆಗೆ ಫಟಾರನೆ ಒಂದು ಏಟು ಕೊಟ್ಟರು. ಮಾತು ಆ ಸದ್ದಿನಡಿ ಸಿಕ್ಕಿ ಸತ್ತಿತು. ಅವಳಿಗೆ ಅಳು ಬರುವುದೊಂದು ಬಾಕಿ. ಮೂರು ಜನ, ಮೂವರಿಗೂ ಕಣ್ಣಿವೆ, ಎದುರಿಗೇ ಕಾಣುತ್ತಿದೆ. ಆದರೂ ಒಬ್ಬರಾದರೂ 'ಇದೇನ್ರೀ ಇದು' ಅನ್ನಬಾರದೇ? ತನ್ನನ್ನೂ ಸೇರಿಸಿ!

"ಭೇಷ್," ಎಂದರು ತಾತ. ದನಿಯಲ್ಲಿ ಯಾಕೋ ಅವಸರವಿತ್ತು. "ಬೆಂಕಿ ಬಿದ್ರೂ ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ ಹುಡುಗೀದು. ಸಾಕು, ಈಗ ಇಳಿಸು ಮಗಳೇ. ಯಂತ್ರ ಬೇಡ. ನಿನ್ನ ಕೈಯಲ್ಲೇ."

ಅವಳು ಆಟೊಪೈಲಟ್ ಬಿಡಿಸುವ ಗುಂಡಿ ಒತ್ತಿ ಕೋಲು ಹಿಡಿದಳು. ಎದುರಿಗೆ ರನ್‌ವೇ ಬೆಳ್ಳಗೆ ಹತ್ತಿರ ಬರುತ್ತಿತ್ತು. ಕೋಲನ್ನು ಎಡಕ್ಕೆ ಒಂದೆಳೆ ತಳ್ಳಿದಳು. ವಿಮಾನ ಬಾಗಲಿಲ್ಲ. ಬಲಕ್ಕೆ ತಳ್ಳಿದಳು. ಬಾಗಲಿಲ್ಲ. ಕ್ಯಾಪ್ಟನ್ ತನ್ನನ್ನು ನಂಬದೆ ತಾವೇ ಹಿಡಿದಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಅವರ ಎಡಗೈ ಆ ಮಗ್ಗುಲಿಗೆ, ಕಣ್ಣಿಗೆ ಕಾಣದ ಜಾಗದಲ್ಲಿತ್ತು. 'ಸರ್, ಹಾರಿಸ್ತಿರೋದು ನೀವಾ, ನಾನಾ?' ಎಂದು ಕೇಳಬೇಕು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ವಿಮಾನದಲ್ಲಿ ಬೇರೊಂದಿಲ್ಲ. ಕೇಳಲಿಲ್ಲ. ಇಬ್ಬರು ಎಳೆದಾಡಿ ಕೆಡಿಸುವುದು ಬೇಡ ಎಂದು ಮೆಲ್ಲನೆ ಕೈ ಬಿಟ್ಟು, ತೊಡೆಯ ಮೇಲಿಟ್ಟುಕೊಂಡಳು.

ವಿಮಾನ ಹೂವಿನಂತೆ ಇಳಿಯಿತು. ಚಕ್ರ ನೆಲ ಮುಟ್ಟಿದ್ದು ನೆಲಕ್ಕೂ ತಿಳಿದಿರಲಾರದು.

ತಾತ ಎದ್ದು ನಿಂತುಬಿಟ್ಟರು. ಕಣ್ಣು ಒದ್ದೆಯಾಗಿತ್ತು. "ನನ್ನ ಇಡೀ ಜೀವಮಾನದಲ್ಲಿ ಇಂಥ ಲ್ಯಾಂಡಿಂಗ್ ಕಂಡಿಲ್ಲ. ಪಾಸ್! ಮಾತು ಸಾಲದು ಅಂತ ದೂರು ಇತ್ತಲ್ಲಾ? ಇಂಥ ಕೈ ಇರೋಳಿಗೆ ಬಾಯಿ ಯಾತಕ್ಕಮ್ಮಾ?"

ಮೆಟ್ಟಿಲಿಳಿದು ಬಂದಾಗ ಕ್ಯಾಪ್ಟನ್ ಅವಳನ್ನು ಕಂಬದ ಮರೆಗೆ ಕರೆದರು. "ನೋಡು, ಇದು ನಮ್ಮಿಬ್ಬರಲ್ಲೇ ಇರ್ಲಿ. ನೀನು ಕೈ ಬಿಟ್ಟಿದ್ದು ನೋಡಿದೆ. ಇಳಿಸಿದ್ದು ನಾನೇ. ಎರಡು ಬೆರಳಲ್ಲಿ. ಹೆಸರು ನಿನಗೇ ಇರ್ಲಿ ಬಿಡು, ಎಳೆ ಹುಡುಗಿ."

ಹಾಗಾದರೆ ಸರಿಯೇ ಆಯಿತು ಎಂದು ಅವಳು ತಲೆಯಾಡಿಸಿದಳು. ಅವರು ಎದೆ ಉಬ್ಬಿಸಿಕೊಂಡು ಕ್ಯಾಂಟೀನಿನ ಕಡೆ ಹೋದ ಮೇಲೆ ತಾತ ಇನ್ನೊಂದು ಕಂಬದ ಮರೆಯಿಂದ ಬಂದರು.

"ಮಗಳೇ, ಅವನು ಕೊಚ್ಕೊಂಡ್ನಾ? ಅವನ ಎರಡೂ ಕೈ ಸೀಟಿಗೆ ಅಂಟಿಕೊಂಡಿದ್ವು, ಹಿಂದಿನಿಂದ ನೋಡ್ತಿದ್ದೆ. ಯಾರಿಗೂ ಹೇಳ್ಬೇಡ, ನಾನೇ ನನ್ನ ಪರದೆಯಿಂದ ಗಾಳಿ ಕಮ್ಮಿ ಮಾಡಿ, ವೇಗ ತಗ್ಗಿಸಿ, ಮೆತ್ತಗೆ ಕೂರಿಸಿದೆ. ಆ ದರಿದ್ರ ಪರದೆ ಅಷ್ಟು ಹೊತ್ತು ಸತಾಯಿಸ್ತು, ಕೊನೇಗೆ ನನ್ನ ಮಾತು ಕೇಳ್ತು."

ಅವಳು ಅದಕ್ಕೂ ತಲೆಯಾಡಿಸಿದಳು. ಈಗ ಒಂದೇ ಲ್ಯಾಂಡಿಂಗಿಗೆ ಇಬ್ಬರು ಅಪ್ಪಂದಿರಾಗಿದ್ದರು, ಊರ ಬಾಯಲ್ಲಿ ಅದರ ತಾಯಿ ಮಾತ್ರ ಅವಳು. ಹೆಡ್‌ಸೆಟ್ ಮರೆತು ಬಂದಿದ್ದು ನೆನಪಾಗಿ ಅವಳು ಪೆಟ್ಟಿಗೆಗೆ ವಾಪಸಾದಳು.

ಅಲ್ಲಿ ಟೆಕ್ನಿಷಿಯನ್ ಹಲ್ಲಿಗೆ ಕಡ್ಡಿ ಹಾಕುತ್ತ ನಿಂತಿದ್ದ. "ಬನ್ನಿ ಮೇಡಂ, ಒಂದ್ನಿಮಿಷ ಕೂತ್ಕೊಳ್ಳಿ, ಪರೀಕ್ಷೆಗೆ ರೆಡಿ ಮಾಡ್ಕೊಡ್ತೀನಿ."

"ಮುಗೀತು."

"ಆಂ?"

"ಪರೀಕ್ಷೆ ಮುಗೀತು."

ಅವನ ಬಾಯಿಂದ ಕಡ್ಡಿ ಕೆಳಗೆ ಬಿತ್ತು. "ಹೆಂಗ್ ಮುಗೀತು? ಇದರಲ್ಲಿ ಅತಿಥಿಗಳ ಸವಾರಿ ಹಾಕಿಟ್ಟಿದ್ನಲ್ರೀ! ಸಾಹೇಬ್ರ ಮೊಮ್ಮಕ್ಕಳು ಬಂದಾಗ ತೋರಿಸ್ತೀವಲ್ಲ, ಅದು. ಸಂಜೆ ಬಿಸಿಲು, ಸಮುದ್ರ, ಊರ ಮೇಲೆ ಎರಡು ಸುತ್ತು, ಆಮೇಲೆ ನೈಸಾಗಿ ಇಳಿಯುತ್ತೆ. ಮೊದಲೇ ತುಂಬಿಟ್ಟಿರೋದು. ಮಕ್ಕಳಿಗೆ ಖುಷಿಯಾಗ್ಲಿ ಅಂತ ಗುಂಡಿ ಒತ್ತಿದ್ರೆ ದೀಪ ಹತ್ತುತ್ತೆ ಅಷ್ಟೆ. ಯಾವುದಕ್ಕೂ ಕನೆಕ್ಷನ್ ಇಲ್ಲ. ಹಿಂದಿನ ಪರದೆಗೂ ಇಲ್ಲ."

ಅವಳು ಹೆಡ್‌ಸೆಟ್ ಎದೆಗೊತ್ತಿಕೊಂಡು ನಿಂತಳು.

"ಮೂರು ಜನ ಇದ್ರಿ, ಯಾರಿಗೂ ಗೊತ್ತಾಗ್ಲಿಲ್ವಾ?" ಎಂದ ಅವನು. "ಆ ಮಕ್ಕಳಲ್ಲಿ ಚಿಕ್ಕದು ಸುತ್ತು ಬರೋಕ್ಕೆ ಮುಂಚೆನೇ 'ಇದು ಡೂಪು' ಅಂತ ರಂಪ ಮಾಡಿತ್ತು."

ಆಮೇಲೆ ತನ್ನ ತಲೆಯ ಮೇಲೆಯೇ ಬರುತ್ತದೆ ಎಂದು ಹೊಳೆದು ದನಿ ತಗ್ಗಿಸಿದ. "ಮೇಡಂ, ಗೊತ್ತಾದ್ರೆ ನನಗೆ ಬೈಗುಳ, ಅದು ಮಾಮೂಲಿ. ಆದ್ರೆ ನಿಮ್ಮ ಪರೀಕ್ಷೆ ಲೆಕ್ಕಕ್ಕೆ ಬರಲ್ಲ. ಪೆಟ್ಟಿಗೆ ಮುಂದಿನ ತಿಂಗಳವರೆಗೂ ಖಾಲಿಯಿಲ್ಲ. ಅಲ್ಲೀವರೆಗೆ ನಿಮಗೆ ಲಗೇಜ್ ಕೌಂಟರೇ ಗತಿ. ಸುಮ್ಮನಿದ್ಬಿಡಿ. ಸುಮ್ಮನಿರೋದು ನಿಮಗೇನು ಹೊಸದಾ?"

ಕ್ಯಾಂಟೀನ್ ಗಿಜಿಗುಡುತ್ತಿತ್ತು. ರೋಸ್ಟರ್ ಅಕ್ಕ ಸಿಕ್ಕವರನ್ನೆಲ್ಲ ಎಳೆದು ತಂದು ಕೂರಿಸಿದ್ದಳು. "ನಾನೇ ಹೇಳ್ಕೊಟ್ಟಿದ್ದು, ಕೈಯಲ್ಲೇ ಹಾರಿಸು ಅಂತ!" ಎಂದು ಅಕ್ಕ, "ಸುತ್ತೋಲೆ ಪ್ರಕಾರವೇ ಹಾರಿಸಿದ್ದು!" ಎಂದು ಕ್ಯಾಪ್ಟನ್. ಅವಳು ಒಳಗೆ ಬಂದದ್ದೇ ಚಪ್ಪಾಳೆ ಬಿತ್ತು. ತಾತ ಅವಳನ್ನು ಒಂದು ಕುರ್ಚಿಯ ಪಕ್ಕ ನಿಲ್ಲಿಸಿ, ಮುಂದಿನ ವಾರದಿಂದ ಹೊಸ ಪೈಲಟ್‌ಗಳಿಗೆಲ್ಲ ಇಳಿಸುವ ಕಲೆಯನ್ನು ಇವಳೇ ತೋರಿಸಿಕೊಡುತ್ತಾಳೆ ಎಂದು ಸಾರಿದರು.

"ನಾಳೆ ಬೆಳಿಗ್ಗೆ ಇವಳನ್ನೂ ಕ್ಯಾಪ್ಟನ್ನರನ್ನೂ ಜೋಡಿ ಹಾಕಿದ್ದೀನಿ," ಎಂದಳು ಅಕ್ಕ ಸಂಭ್ರಮದಿಂದ. "ನಿಜವಾದ ವಿಮಾನ. ಒಂದು ಸೀಟೂ ಖಾಲಿ ಇಲ್ಲ, ಪೂರ್ತಿ ಭರ್ತಿ."

ಅವಳು ಕ್ಯಾಪ್ಟನ್ನರ ಕಡೆ ನೋಡಿದಳು. ಅವರು ತಮ್ಮ ಎರಡು ಬೆರಳುಗಳನ್ನೇ ಮೆಚ್ಚುಗೆಯಿಂದ ನೋಡಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಎಲ್ಲರೂ ಬೈಯುತ್ತಿದ್ದ ಅವಳ ಮೌನಕ್ಕೆ ಇವತ್ತು ಮೊದಲ ಬಾರಿ ಬೆಲೆ ಬಂದಿತ್ತು. ಏನೂ ಮಾಡಬೇಕಾಗಿಲ್ಲ. ಇಷ್ಟು ವರ್ಷ ಇದ್ದ ಹಾಗೇ ಇದ್ದರೆ ಸಾಕು. ನಾಳೆ ಅವರು ಉತ್ತರ ಎಂದು ಬರೆಯುತ್ತಾರೆ, ಅದು ದಕ್ಷಿಣಕ್ಕೆ ಹೋಗುತ್ತದೆ, ಹಿಂದೆ ಕೂತವರು ಕಿಟಕಿಯಾಚೆ ಮೋಡ ನೋಡುತ್ತಿರುತ್ತಾರೆ, ಅವಳು ತಲೆಯಾಡಿಸುತ್ತಾಳೆ.

"ಒಂದೆರಡು ಮಾತಾಡಮ್ಮ. ಹೆಂಗೆ ಇಳಿಸ್ದೆ, ಹೇಳು," ಎಂದರು ತಾತ.

ಅವಳು ಏನೋ ಅಂದಳು.

"ಕೇಳಿಸ್ಲಿಲ್ಲ!" ಎಂದು ಹಿಂದಿನ ಮೇಜಿನಿಂದ ಕೂಗಿದರು.

"ನಾಚ್ಕೋತಾಳೆ ಪಾಪ," ಎಂದಳು ಅಕ್ಕ. "ಬಿಡಿ, ನಾನೇ ಹೇಳ್ತೀನಿ..."

"ನೀವು ಸುಮ್ಮನಿರಿ ಅಕ್ಕ!"

ಲೋಟಗಳ ಸದ್ದು ನಿಂತಿತು. ಆ ದನಿ ಯಾರದೆಂದು ನೋಡಲು ಅವಳೂ ಒಮ್ಮೆ ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅವಳು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅಡುಗೆಯವರು ಒಳಗಿನಿಂದ ಇಣುಕಿ ನೋಡುವಷ್ಟು ಜೋರಾಗಿ ಹೇಳಿದಳು:

"ಆ ವಿಮಾನಾನ ನಾನು ಇಳಿಸ್ಲಿಲ್ಲ ಸರ್. ನೀವೂ ಇಳಿಸ್ಲಿಲ್ಲ, ಅವರೂ ಇಳಿಸ್ಲಿಲ್ಲ. ಅದು ಏನು ಮಾಡ್ತಿದೆ ಅಂತ ನಮ್ಮ ಮೂರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!"